ಸ್ವಂತ ಹಣದುಬ್ಬರದ ಕ್ಯಾಲ್ಕ್ಯುಲೇಟರ್: ಜೇಬಿನ ಲೆಕ್ಕ ಸರಿ, ಮನಸ್ಸಿನ ಲೆಕ್ಕ ಬಾಕಿ

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ ಸ್ಟಾರ್. ಒಮ್ಮೆ ಬಳಸಿ ನೋಡಿ. ಆದರೆ ಪೆಟ್ರೋಲ್ ಬೆಲೆ ಏರಿದ ತಿಂಗಳಲ್ಲಿ ಸಿಟ್ಟಿನಿಂದ ಇದನ್ನು ತೆರೆಯಬೇಡಿ. ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ.

ನಾನು ಹೇಳುತ್ತಿರುವುದು 'ವೈಯಕ್ತಿಕ ಹಣದುಬ್ಬರ ಕ್ಯಾಲ್ಕ್ಯುಲೇಟರ್' ಎನ್ನುವ ಆನ್‌ಲೈನ್ ಸೌಲಭ್ಯದ ಬಗ್ಗೆ. ಬ್ರಿಟನ್, ಜರ್ಮನಿ, ಫ್ರಾನ್ಸ್, ಕೆನಡಾ ದೇಶಗಳ ಅಂಕಿಅಂಶ ಕಚೇರಿಗಳು ಇಂಥದ್ದನ್ನು ಮಾಡಿ ಜನರ ಮುಂದಿಟ್ಟಿವೆ. ಹಣಕಾಸಿನ ಸಲಹೆ ಕೊಡುವ ಕೆಲವು ಆ್ಯಪ್‌ಗಳಲ್ಲೂ ಇದೇ ಮಾದರಿಯದ್ದು ಸಿಗುತ್ತದೆ. ನೀವು ತಿಂಗಳಿಗೆ ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತೀರಿ ಎಂದು ತುಂಬಬೇಕು. ಅದು 'ನಿಮ್ಮ ಹಣದುಬ್ಬರ ಇಷ್ಟು, ದೇಶದ ಸರಾಸರಿ ಇಷ್ಟು' ಎಂದು ಎರಡು ಗೆರೆ ಎಳೆದು ತೋರಿಸುತ್ತದೆ. ನಾನು ಇಂಥ ಹಲವನ್ನು ಆಡಿಸಿ ನೋಡಿದ್ದೇನೆ. ಒಳಗಿನ ಲೆಕ್ಕ ಎಲ್ಲದರಲ್ಲೂ ಒಂದೇ. ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ.

ನನ್ನ ಪರಿಚಯ ಸ್ವಲ್ಪ ಬೇಕು, ಯಾಕೆಂದರೆ ಈ ವಿಮರ್ಶೆಯ ಓರೆಕೋರೆಗಳೆಲ್ಲ ಅಲ್ಲಿಂದಲೇ ಬಂದಿವೆ. ನಾನು ಲಾರಿ ಸಾಗಣೆ ಆಫೀಸೊಂದರಲ್ಲಿ ಲೆಕ್ಕ ಬರೆಯುವವಳು. ಡೀಸೆಲ್ ಬಿಲ್ಲು, ಟೈರು, ಬಾಡಿಗೆ ಕರಾರು, ಬಾಕಿ ವಸೂಲಿ, ಇದೇ ನನ್ನ ದಿನಚರಿ. ಕಚ್ಚಾತೈಲದ ಬೆಲೆ ಏರಿತು ಎಂದರೆ ಬೇರೆಯವರಿಗೆ ಅದು ಸುದ್ದಿ. ನನಗೆ ಅದು ಮರುದಿನದ ಫೋನ್ ಕರೆಗಳು. ಹಾಗಾಗಿ ಬೆಲೆ ಏರಿಕೆಯ ಬಗ್ಗೆ ಯಾರು ಯಾವ ಸಲಕರಣೆ ಮಾಡಿದರೂ ಮೊದಲು ಅದಕ್ಕೆ ತೈಲದ ಪರೀಕ್ಷೆ ಇಡುತ್ತೇನೆ.

ಮೊದಲು ಒಳ್ಳೆಯದನ್ನು ಹೇಳೋಣ. ಸರ್ಕಾರಿ ಕಚೇರಿಗಳದ್ದು ಪುಕ್ಕಟೆ. ತುಂಬುವುದೂ ಸುಲಭ. ಮನೆ, ಇಂಧನ, ದಿನಸಿ, ಬಟ್ಟೆ, ಓಡಾಟ, ಫೋನು, ಔಷಧಿ, ಮನರಂಜನೆ ಎಂದು ಸಾಲುಗಳಿರುತ್ತವೆ. ಸ್ಲೈಡರ್ ಎಳೆದರೂ ಆಯಿತು, ಅಂಕಿ ಬರೆದರೂ ಆಯಿತು. ಒಂದು ಸಾಲು ಏರಿಸಿದಾಗ ಒಟ್ಟು ದರ ಹೇಗೆ ಅಲುಗುತ್ತದೆ ಎಂದು ಕಣ್ಣೆದುರೇ ಕಾಣುತ್ತದೆ. ಹಣದುಬ್ಬರ ಎಂದರೇನು ಎಂದು ಹತ್ತು ಪುಟದ ಪಾಠ ಓದುವುದಕ್ಕಿಂತ ಇದನ್ನು ಐದು ನಿಮಿಷ ಆಡಿಸುವುದು ಮೇಲು.

ಇದರ ಹಿಂದಿರುವ ಲೆಕ್ಕ ಹಳೆಯದು. 1871ರಲ್ಲಿ ಎಟಿಯೆನ್ ಲಾಸ್ಪೇರ್ ಎನ್ನುವ ಜರ್ಮನ್ ಅರ್ಥಶಾಸ್ತ್ರಜ್ಞ ಮುಂದಿಟ್ಟ ದಾರಿ. ಒಂದು ಕಾಲದಲ್ಲಿ ಏನೇನು ಕೊಳ್ಳುತ್ತಿದ್ದೆವೋ ಆ ಪಟ್ಟಿಯನ್ನು ಹಾಗೇ ಹಿಡಿದಿಟ್ಟುಕೊಳ್ಳಬೇಕು. ಅದನ್ನೇ ಇವತ್ತಿನ ಬೆಲೆಗೆ ಕೊಂಡರೆ ಎಷ್ಟಾಗುತ್ತದೆ ಎಂದು ನೋಡಬೇಕು. ಪ್ರತಿ ವಸ್ತುವಿಗೂ ಒಂದು ತೂಕ. ಖರ್ಚಿನಲ್ಲಿ ಅದರ ಪಾಲು ಎಷ್ಟೋ ತೂಕ ಅಷ್ಟು. ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕ ಇಡೀ ದೇಶದ ಖರ್ಚಿನಿಂದ ಆ ತೂಕ ತೆಗೆಯುತ್ತದೆ. ಈ ಕ್ಯಾಲ್ಕ್ಯುಲೇಟರ್ ಅದೇ ಬೆಲೆಗಳನ್ನು ಇಟ್ಟುಕೊಂಡು ತೂಕ ಮಾತ್ರ ನಿಮ್ಮದನ್ನು ಹಾಕುತ್ತದೆ.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ದೇಶದ ಸರಾಸರಿ ಎಂದರೆ ಪ್ರತಿ ಮನೆಗೂ ಒಂದೊಂದು ಓಟು ಕೊಟ್ಟು ತೆಗೆದ ಸರಾಸರಿ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಖರ್ಚಾದ ಪ್ರತಿ ರೂಪಾಯಿಗೆ ಒಂದು ಓಟು. ಜಾಸ್ತಿ ಖರ್ಚು ಮಾಡುವ ಮನೆಯ ಅಭ್ಯಾಸಕ್ಕೆ ಜಾಸ್ತಿ ತೂಕ. ಆದಾಯದ ದೊಡ್ಡ ಪಾಲು ಇಂಧನ, ದಿನಸಿಗೇ ಹೋಗುವ ಮನೆಯವರಿಗೆ 'ಇದು ಯಾರ ಮನೆ ಲೆಕ್ಕ?' ಅನ್ನಿಸಿದರೆ ಅವರ ಅನುಮಾನದಲ್ಲಿ ತಪ್ಪಿಲ್ಲ. ಅಂಥವರಿಗೆ ಈ ಸೌಲಭ್ಯ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ತೂಕ ಬದಲಾದರೆ ಎಷ್ಟು ವ್ಯತ್ಯಾಸ ಎಂದು ಅವರೇ ನೋಡಿಕೊಳ್ಳಬಹುದು.

ನಮ್ಮ ಮನೆಯಲ್ಲಿ ತುಂಬುವ ಮೊದಲು ಒಂದು ಆಟ ಆಡಿದೆವು. ಕಳೆದ ಒಂದು ವರ್ಷದಲ್ಲಿ ಬೆಲೆಗಳು ಒಟ್ಟಾರೆ ನೂರಕ್ಕೆ ಎಷ್ಟು ಏರಿವೆ, ಚೀಟಿಯಲ್ಲಿ ಬರೆಯಿರಿ ಎಂದೆ. ನಮ್ಮತ್ತೆಯದು ಎಲ್ಲರಿಗಿಂತ ಮೇಲೆ. ಆಮೇಲೆ ನಾನು. ನನ್ನ ತಮ್ಮ ನನಗಿಂತ ಕೆಳಗೆ. ನಮ್ಮ ಯಜಮಾನರದು ಎಲ್ಲಕ್ಕಿಂತ ಕಮ್ಮಿ. ಕ್ಯಾಲ್ಕ್ಯುಲೇಟರ್ ಕೊಟ್ಟ ಅಂಕಿ ದೇಶದ ಸರಾಸರಿಗಿಂತ ತುಸು ಮೇಲಿತ್ತು, ಯಜಮಾನರ ಚೀಟಿಯ ಪಕ್ಕದಲ್ಲೇ ಕೂತಿತ್ತು. ಅವರು ಗೆದ್ದ ಮುಖ ಮಾಡಿದರು. ಮನೆ ಬಾಡಿಗೆ, ವಿಮೆ, ಫೋನ್ ಬಿಲ್ಲು ಕಟ್ಟುವುದು ಅವರು. ಅಂಗಡಿಗೆ ಹೋಗುವುದು ನಾನು ಮತ್ತು ಅತ್ತೆ. ಇದೇ ಕಾರಣ ಎಂದು ನಾನು ಆಗಲೇ ವಾದ ಮಾಡಿದೆ.

ವಾದಕ್ಕೆ ಆಧಾರವೂ ಇದೆ. ಫ್ರಾನ್ಸೆಸ್ಕೊ ಡಾಕುಂಟೊ, ಉಲ್ರಿಕೆ ಮಲ್‌ಮೆಂಡಿಯರ್, ಮೈಕಲ್ ವೆಬರ್ ಎಂಬ ಮೂವರು 2021ರಲ್ಲಿ ಅಮೆರಿಕದ ಮನೆಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಗಂಡಸರಿಗಿಂತ ಹೆಂಗಸರು ಜಾಸ್ತಿ ಹಣದುಬ್ಬರ ನಿರೀಕ್ಷಿಸುತ್ತಾರೆ ಎನ್ನುವುದು ಮೊದಲೇ ಗೊತ್ತಿದ್ದ ಸಂಗತಿ. ಇವರು ನೋಡಿದ್ದು ಮನೆಯಲ್ಲಿ ದಿನಸಿ ತರುವವರು ಯಾರು ಎಂದು. ಗಂಡನೂ ಅಂಗಡಿಗೆ ಹೋಗುವ ಮನೆಗಳಲ್ಲಿ ಆ ಅಂತರ ಕಾಣಲಿಲ್ಲ. ಇದನ್ನು ಓದಿ ಹೇಳಿದ ಮೇಲೆ ನಮ್ಮ ಯಜಮಾನರ ಗೆದ್ದ ಮುಖ ಸ್ವಲ್ಪ ಇಳಿಯಿತು. ಅಂಗಡಿಗೆ ಮಾತ್ರ ಇನ್ನೂ ಹೋಗುತ್ತಿಲ್ಲ.

ಇನ್ನು ತೈಲದ ಪರೀಕ್ಷೆ. ಇದರಲ್ಲಿ ಈ ಸೌಲಭ್ಯ ಅರ್ಧ ಪಾಸು, ಅರ್ಧ ಫೇಲು.

ಅಂಕಿಗಳು ಚೆನ್ನಾಗಿ ಸಿಗುವುದರಿಂದ ಅಮೆರಿಕದ ಉದಾಹರಣೆ ಹಿಡಿಯೋಣ. 2022ರ ಜೂನ್‌ನಲ್ಲಿ ಅಲ್ಲಿನ ಹಣದುಬ್ಬರ ನೂರಕ್ಕೆ 9.1. ಅದೇ ಹನ್ನೆರಡು ತಿಂಗಳಲ್ಲಿ ಪೆಟ್ರೋಲ್ ಏರಿದ್ದು ನೂರಕ್ಕೆ 59.9. ಮನೆ ಖರ್ಚಿನಲ್ಲಿ ಪೆಟ್ರೋಲಿನ ಪಾಲು ನೂರಕ್ಕೆ 4 ಎಂದಿಟ್ಟುಕೊಳ್ಳಿ. 4ರ ಶೇಕಡಾ 60 ಎಂದರೆ 2.4. ಅಂದರೆ 9.1ರಲ್ಲಿ ಪೆಟ್ರೋಲ್ ನೇರವಾಗಿ ತಂದಿದ್ದು ಹೆಚ್ಚುಕಡಿಮೆ ಕಾಲು ಭಾಗ. ಕ್ಯಾಲ್ಕ್ಯುಲೇಟರ್ ಈ ಗುಣಾಕಾರವನ್ನು ತಪ್ಪಿಲ್ಲದೆ ಮಾಡುತ್ತದೆ. ನಿಮ್ಮ ಓಡಾಟ ಜಾಸ್ತಿ ಇದ್ದು ಪಾಲು 8 ಇದ್ದರೆ 4.8 ತೋರಿಸುತ್ತದೆ. ಗಾಡಿಯೇ ಇಲ್ಲದಿದ್ದರೆ ಸೊನ್ನೆ. ಇಷ್ಟರ ಮಟ್ಟಿಗೆ ಪಾಸು.

ಆದರೆ ಆ ವರ್ಷ ಯಾರನ್ನೇ ಕೇಳಿದ್ದರೂ ಮೊದಲು ಹೇಳುತ್ತಿದ್ದುದು ಪೆಟ್ರೋಲ್ ವಿಷಯವೇ. ಉಳಿದ ಮುಕ್ಕಾಲು ಭಾಗದ ಮಾತು ಆಮೇಲೆ. ಅದು ಯಾಕೆ ಎನ್ನುವುದಕ್ಕೆ ಈ ಸೌಲಭ್ಯದಲ್ಲಿ ಉತ್ತರ ಇಲ್ಲ. ಅಲ್ಲಿಗೆ ಜನ ಹೋಗುವುದೇ ಈ ಪ್ರಶ್ನೆ ಇಟ್ಟುಕೊಂಡು ಎನ್ನುವುದು ಮಾಡಿದವರಿಗೆ ತೋಚಿದಂತಿಲ್ಲ.

ದುಡ್ಡು ತೂಗುವುದು ರೂಪಾಯಿಯಲ್ಲಿ. ಮನಸ್ಸು ತೂಗುವುದು ಎಷ್ಟು ಸಲ ಕಂಡಿತು ಎನ್ನುವುದರಲ್ಲಿ. ಮನೆ ಬಾಡಿಗೆ ದೊಡ್ಡ ಮೊತ್ತ, ಆದರೆ ವರ್ಷಕ್ಕೊಮ್ಮೆ ಬದಲಾಗುತ್ತದೆ, ಬ್ಯಾಂಕಿನಿಂದ ತಾನೇ ಹೋಗುತ್ತದೆ. ಫ್ರಿಜ್ಜು ಹತ್ತು ವರ್ಷಕ್ಕೊಮ್ಮೆ ಕೊಳ್ಳುವ ವಸ್ತು. ಅದರ ಬೆಲೆ ಇಳಿದರೂ ನಮಗೆ ಗೊತ್ತಾಗುವುದಿಲ್ಲ. ಪೆಟ್ರೋಲ್ ಹಾಗಲ್ಲ. ಇಷ್ಟು ದೊಡ್ಡ ಅಂಕಿಯಲ್ಲಿ, ರಸ್ತೆಯಿಂದಲೇ ಕಾಣುವಂತೆ ಬೆಲೆ ಹಾಕಿಕೊಂಡು ನಿಲ್ಲುವ ವಸ್ತು ಇನ್ನೊಂದು ಯಾವುದಿದೆ? ಕೊಳ್ಳದೆ ಹಾದುಹೋಗುವವರೂ ಓದುತ್ತಾರೆ. ಬಂಕಿನಲ್ಲಿ ನಿಂತಾಗ ಬೇರೆ ಕೆಲಸವೂ ಇರುವುದಿಲ್ಲ, ಮೀಟರಿನಲ್ಲಿ ಮೊತ್ತ ಓಡುವುದನ್ನೇ ನೋಡುತ್ತಾ ನಿಲ್ಲಬೇಕು. ಜೊತೆಗೆ ಅದು ಯಾವಾಗಲೂ ಅದೇ ವಸ್ತು, ಅದೇ ಲೀಟರು. ಅಂಗಿಯ ಬೆಲೆ ಏರಿದರೆ ಬಟ್ಟೆ ಬೇರೆ ಇರಬಹುದು ಎಂದುಕೊಳ್ಳಬಹುದು. ಲೀಟರಿಗೆ ಆ ನೆಪ ಇಲ್ಲ.

ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. ಜಾರ್ಗನಾಸ್, ಹೀಲಿ, ಲೀ ಎಂಬ ಮೂವರು ಸಂಶೋಧಕರ ಲೇಖನ 2014ರಲ್ಲಿ ಬಂತು. ಪ್ರಯೋಗಕ್ಕೆ ಬಂದವರು ವಸ್ತುಗಳ ಬೆಲೆ ಬದಲಾವಣೆ ನೋಡಿ ಒಟ್ಟು ಹಣದುಬ್ಬರ ಅಂದಾಜಿಸಬೇಕಿತ್ತು. ಪದೇಪದೇ ಕಂಡ ವಸ್ತುವಿನ ಕಡೆಗೇ ಅವರ ಅಂದಾಜು ವಾಲುತ್ತಿತ್ತು. ಇದಕ್ಕೂ ಮೊದಲು ಹಾನ್ಸ್ ವೋಲ್ಫ್‌ಗಾಂಗ್ ಬ್ರಾಖಿಂಗರ್ ಎನ್ನುವ ಅಂಕಿಅಂಶ ಪ್ರಾಧ್ಯಾಪಕರು ಜರ್ಮನಿಯ ಬೆಲೆಗಳನ್ನು ಹಿಡಿದು ಇನ್ನೂ ಮುಂದೆ ಹೋಗಿದ್ದರು. ಯೂರೋ ನೋಟು 2002ರಲ್ಲಿ ಬಂದಾಗ ಅಲ್ಲಿ ಅಧಿಕೃತ ಹಣದುಬ್ಬರ ಕಮ್ಮಿಯೇ ಇತ್ತು. ಜನ ಮಾತ್ರ ಎಲ್ಲ ದುಬಾರಿಯಾಯಿತು ಎಂದು ಬೊಬ್ಬೆ ಹಾಕುತ್ತಿದ್ದರು. ಬ್ರಾಖಿಂಗರ್ ಜನರನ್ನು ತಮಾಷೆ ಮಾಡಲಿಲ್ಲ. 'ಅನುಭವಕ್ಕೆ ಬರುವ ಹಣದುಬ್ಬರ'ಕ್ಕೇ ಒಂದು ಸೂಚ್ಯಂಕ ಕಟ್ಟಿದರು. ಅದರಲ್ಲಿ ತೂಕ ಎಷ್ಟು ಸಲ ಕೊಳ್ಳುತ್ತೀರಿ ಎನ್ನುವುದರ ಮೇಲೆ. ಬೆಲೆ ಏರಿದರೆ ಇಳಿದದ್ದಕ್ಕಿಂತ ಎರಡರಷ್ಟು ಲೆಕ್ಕ. ಕಳೆದುಕೊಂಡ ನೋವು ಗಳಿಸಿದ ಖುಷಿಗಿಂತ ದೊಡ್ಡದು ಎಂದು ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ ಎನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದಿದ್ದರಲ್ಲ, ಅದೇ ಮಾತು ಇಲ್ಲಿ ಅಂಕಿಯಾಯಿತು.

ನನ್ನ ಮೊದಲ ಬೇಡಿಕೆ ಇದೇ. ಎರಡು ಗೆರೆ ಇರುವಲ್ಲಿ ಮೂರನೆಯದೊಂದು ಹಾಕಿ. 'ಎಷ್ಟು ಸಲ ಕೊಳ್ಳುತ್ತೀರಿ' ಎಂದು ಪ್ರತಿ ಸಾಲಿನ ಪಕ್ಕ ಒಂದು ಚೌಕ ಇದ್ದರೆ ಸಾಕು. ಆಗ ನಮ್ಮತ್ತೆಯ ಚೀಟಿ ಎಲ್ಲಿಂದ ಬಂತು ಎನ್ನುವುದು ಅವರಿಗೂ ಕಾಣುತ್ತದೆ, ಮಗನಿಗೂ ಕಾಣುತ್ತದೆ.

ಎರಡನೆಯ ದೂರು ಕಾಲದ ಬಗ್ಗೆ. ಕ್ಯಾಲ್ಕ್ಯುಲೇಟರ್ ಸಾಮಾನ್ಯವಾಗಿ ಈ ತಿಂಗಳನ್ನು ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸುತ್ತದೆ. ನಾವು ಯಾರೂ ಹಾಗೆ ಯೋಚಿಸುವುದಿಲ್ಲ. ಮತ್ತೆ ಅಮೆರಿಕದ್ದೇ ಅಂಕಿ ತಗೊಳ್ಳಿ. 2023ರ ಜೂನ್‌ಗೆ ಹಣದುಬ್ಬರ 3.0ಕ್ಕೆ ಇಳಿಯಿತು. ಪೆಟ್ರೋಲ್ ವರ್ಷದ ಲೆಕ್ಕದಲ್ಲಿ ನೂರಕ್ಕೆ 26.5 ಇಳಿದಿತ್ತು. ಪತ್ರಿಕೆ ಓದಿದರೆ ಒಳ್ಳೆಯ ಸುದ್ದಿ. ಈಗ 2021ರ ಜೂನ್‌ನಲ್ಲಿ 100 ಇದ್ದ ಬೆಲೆಯನ್ನು ಹಿಡಿದು ನಡೆಯಿರಿ. ಒಂದು ವರ್ಷಕ್ಕೆ ಸುಮಾರು 160 ಆಯಿತು. ಅದರಲ್ಲಿ ನೂರಕ್ಕೆ 26.5 ಕಳೆಯಿರಿ. ಉಳಿದದ್ದು 117ರ ಮೇಲೆ. 'ಇಳಿಯಿತು' ಎಂದವರೂ ಸರಿ, 'ಎಲ್ಲಿ ಇಳಿಯಿತು?' ಎಂದವರೂ ಸರಿ. ಇಬ್ಬರ ಎಣಿಕೆ ಶುರುವಾಗುವ ಜಾಗ ಬೇರೆ. ಅದೂ ಪೆಟ್ರೋಲ್ ನಿಜವಾಗಿ ಇಳಿಯುವ ಗುಣದ ವಸ್ತು. ಉಳಿದ ಬಹುತೇಕ ವಸ್ತುಗಳಲ್ಲಿ ದರ ಇಳಿಯಿತು ಎಂದರೆ ಬೆಲೆ ಏರುವ ವೇಗ ಕಮ್ಮಿಯಾಯಿತು ಎಂದಷ್ಟೇ ಅರ್ಥ.

ಹೋಲಿಕೆಯ ವರ್ಷವನ್ನು ಬಳಸುವವರೇ ಆರಿಸಿಕೊಳ್ಳುವಂತಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕೆಲವದರಲ್ಲಿ ಗ್ರಾಫ್ ಹಿಂದಕ್ಕೆ ಎಳೆದು ಹಳೆಯ ವರ್ಷ ನೋಡಬಹುದು. ಆದರೆ ಅಲ್ಲೂ ಕಾಣುವುದು ಆಯಾ ವರ್ಷದ ದರ. ಕೂಡಿಬಂದ ಏರಿಕೆ ನೋಡಬೇಕಾದರೆ ನಾವೇ ಗುಣಿಸಿಕೊಳ್ಳಬೇಕು.

ಈಗ ನನ್ನ ವೃತ್ತಿಯ ದೂರು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಪಟ್ಟಿಯಲ್ಲಿ ತೈಲ ಇರುವುದು 'ಇಂಧನ' ಎನ್ನುವ ಒಂದೇ ಸಾಲಿನಲ್ಲಿ. ಗಾಡಿ ಇಲ್ಲದವರು ಅಲ್ಲಿ ಸೊನ್ನೆ ಹಾಕಿ 'ತೈಲ ಏರಿದರೆ ನನಗೇನು' ಎಂದುಕೊಳ್ಳಬಹುದು. ನಮ್ಮ ಆಫೀಸಿಗೆ ಬಂದು ಒಂದು ದಿನ ಕೂರಲಿ. ಡೀಸೆಲ್ ಏರಿದ ದಿನ ನಮಗೆ ಏರುತ್ತದೆ. ಗಿರಾಕಿಗೆ ಏರುವುದು ಕರಾರಿನ ಪ್ರಕಾರ. ದೊಡ್ಡ ಗಿರಾಕಿಗಳ ಕರಾರಿನಲ್ಲಿ ಡೀಸೆಲ್ ಇಷ್ಟು ದಾಟಿದರೆ ಬಾಡಿಗೆ ಇಷ್ಟು ಏರಿಸಬಹುದು ಎಂದು ಬರೆದಿರುತ್ತದೆ. ಚಿಕ್ಕವರ ಜೊತೆ ಬಾಯಿಮಾತು. ಅವರು ಸ್ವಲ್ಪ ದಿನ ತಡೆಯಿರಿ ಎನ್ನುತ್ತಾರೆ, ನಾವು ತಡೆಯುತ್ತೇವೆ. ಆಮೇಲೆ ಬಾಡಿಗೆ ಏರುತ್ತದೆ. ಅವರು ತಮ್ಮ ಹಳೆಯ ಸ್ಟಾಕು ಮುಗಿಯುವವರೆಗೆ ಹಳೆಯ ಬೆಲೆಗೇ ಮಾರುತ್ತಾರೆ, ಹೊಸ ಮಾಲಿಗೆ ಹೊಸ ಬೆಲೆ ಹಾಕುತ್ತಾರೆ. ನಿಮ್ಮ ಕೈಗೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ, ಕಚ್ಚಾತೈಲದ ಸುದ್ದಿ ಹಳತಾಗಿರುತ್ತದೆ. ಇದು ಸಾಗಣೆಯ ದಾರಿ ಒಂದೇ. ಪ್ಲಾಸ್ಟಿಕ್ಕು, ರಸ್ತೆಯ ಡಾಂಬರು, ಪೇಂಟು, ಸಿಂಥೆಟಿಕ್ ಬಟ್ಟೆ, ಎಲ್ಲದರ ಮೂಲದಲ್ಲೂ ಅದೇ ಬ್ಯಾರೆಲ್ಲು. ಇವೆಲ್ಲ ಪಟ್ಟಿಯಲ್ಲಿ 'ಬಟ್ಟೆ', 'ಮನೆ ಸಾಮಾನು' ಎಂಬ ಹೆಸರಲ್ಲಿ ಕೂತಿರುತ್ತವೆ.

ಕೇಂದ್ರ ಬ್ಯಾಂಕುಗಳು ಬಳಸುವ 'ಮೂಲ ಹಣದುಬ್ಬರ'ದಲ್ಲೂ ಇದೇ ತಮಾಷೆ. ಆಹಾರ ಮತ್ತು ಇಂಧನ ತೆಗೆದಿಟ್ಟು ಉಳಿದದ್ದನ್ನು ನೋಡುತ್ತಾರೆ. ಅವೆರಡೂ ಕುಣಿಯುವುದು ಜಾಸ್ತಿ, ಒಳಗಿನ ಹರಿವು ಕಾಣಲಿ ಎನ್ನುವುದು ಉದ್ದೇಶ. ಒಪ್ಪುತ್ತೇನೆ. ಆದರೆ ತೆಗೆದಿಟ್ಟ ತೈಲ ಸಾಗಣೆಯ ಮೂಲಕ ಹಿಂಬಾಗಿಲಿನಿಂದ ಒಳಗೆ ಬಂದಿರುತ್ತದೆ. ಆ ಬಾಗಿಲಲ್ಲಿ ಬಿಲ್ಲು ಬರೆಯುತ್ತಾ ಕೂತಿರುವವಳು ನಾನೇ.

ಇಳಿಯುವಾಗಿನ ಕಥೆ ಬೇರೆ. 1991ರಲ್ಲಿ ರಾಬರ್ಟ್ ಬೇಕನ್ ಎನ್ನುವವರು ಬ್ರಿಟನ್ನಿನ ಪೆಟ್ರೋಲ್ ಬೆಲೆ ನೋಡಿ ಒಂದು ಲೇಖನ ಬರೆದರು. ಏರುವಾಗ ರಾಕೆಟ್, ಇಳಿಯುವಾಗ ಪುಕ್ಕ ಎಂದರು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ತುಂಬಾ ಜನ ಇದನ್ನು ಪರೀಕ್ಷಿಸಿದ್ದಾರೆ, ಎಲ್ಲ ಕಡೆ ಒಂದೇ ಉತ್ತರ ಬಂದಿಲ್ಲ. ನನ್ನ ಅನುಭವದ ಮಾತು ಹೇಳುವುದಾದರೆ, ಡೀಸೆಲ್ ಇಳಿದಾಗ ಬಾಡಿಗೆ ಇಳಿಸಿ ಎಂದು ದೊಡ್ಡ ಗಿರಾಕಿ ಮರುದಿನವೇ ಕೇಳುತ್ತಾನೆ. ಚಿಕ್ಕವರು ಕೇಳುವುದೇ ಇಲ್ಲ. ಕೇಳದವರಿಗೆ ಯಾರೂ ಇಳಿಸುವುದಿಲ್ಲ. ನಮ್ಮ ಮಾಲೀಕರು ಇದನ್ನು ಓದಿದರೆ ಓದಲಿ.

ಇನ್ನೊಂದು ಅಡ್ಡಗೋಡೆ ತೆರಿಗೆ. 2008ರ ಜುಲೈಯಲ್ಲಿ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದ ಕಚ್ಚಾತೈಲ ಅದೇ ಡಿಸೆಂಬರ್‌ಗೆ 40ಕ್ಕಿಂತ ಕೆಳಗೆ ಬಂತು. 2020ರ ಏಪ್ರಿಲ್ 20ರಂದು ಅಮೆರಿಕದ ತೈಲವನ್ನು ಮೇ ತಿಂಗಳಲ್ಲಿ ಒಪ್ಪಿಸುವ ಕರಾರಿನ ಬೆಲೆ ಸೊನ್ನೆಗಿಂತ ಕೆಳಗೆ, ಅಂದರೆ ಮಾರುವವರೇ ದುಡ್ಡು ಕೊಡಬೇಕಾದ ಹಾಗೆ, ಬ್ಯಾರೆಲ್ಲಿಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಆ ದಿನ ಬಂಕಿನಲ್ಲಿ ಯಾರೂ ನಮಗೆ ದುಡ್ಡು ಕೊಟ್ಟು ಪೆಟ್ರೋಲ್ ಹಾಕಲಿಲ್ಲ, ಅಲ್ವಾ? ಲೀಟರಿನ ಬೆಲೆಯಲ್ಲಿ ಕಚ್ಚಾತೈಲ ಒಂದು ಪಾಲು ಮಾತ್ರ. ಸಂಸ್ಕರಣೆ, ಸಾಗಣೆ, ಡೀಲರ್ ಕಮಿಷನ್, ತೆರಿಗೆ ಮೇಲೆ ಕೂಡುತ್ತವೆ. ಲೀಟರಿಗೆ ಇಷ್ಟು ಎಂದು ನಿಗದಿಯಾದ ತೆರಿಗೆ ಜಾಸ್ತಿ ಇದ್ದಷ್ಟೂ ಕಚ್ಚಾತೈಲದ ಏರಿಳಿತ ಬಂಕಿನ ಬೋರ್ಡಿನಲ್ಲಿ ಚಿಕ್ಕದಾಗಿ ಕಾಣುತ್ತದೆ. ತೈಲ ಕೊಳ್ಳುವುದು ಡಾಲರಿನಲ್ಲಿ. ಹಾಗಾಗಿ ತೈಲ ಅಲ್ಲಾಡದೆ ಡಾಲರ್ ಏರಿದರೂ ಬಿಸಿ ತಟ್ಟುತ್ತದೆ. ಈ ಪದರಗಳನ್ನು ಬಿಡಿಸಿ ತೋರಿಸುವ ಒಂದು ಸಣ್ಣ ಚಿತ್ರ ಇಂಧನದ ಸಾಲಿನ ಪಕ್ಕ ಇದ್ದಿದ್ದರೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ.

ತೈಲ ಯಾಕೆ ಏರಿತು ಎನ್ನುವುದನ್ನೂ ಇದು ಹೇಳುವುದಿಲ್ಲ. ಅದು ಇದರ ಕೆಲಸವಲ್ಲ, ಬಿಡಿ. ಆದರೂ ಒಂದು ಮಾತು. ಲುಟ್ಜ್ ಕಿಲಿಯನ್ ಎನ್ನುವ ಅರ್ಥಶಾಸ್ತ್ರಜ್ಞ 2009ರ ಲೇಖನದಲ್ಲಿ ತೈಲದ ಆಘಾತಗಳೆಲ್ಲ ಒಂದೇ ಜಾತಿಯವಲ್ಲ ಎಂದು ತೋರಿಸಿದರು. ಪೂರೈಕೆ ನಿಂತು ಏರುವುದು ಒಂದು. ಜಗತ್ತಿನ ವ್ಯಾಪಾರ ಜೋರಾಗಿ ಬೇಡಿಕೆಯಿಂದ ಏರುವುದು ಇನ್ನೊಂದು. ಮುಂದೆ ಸಿಗದೆ ಹೋದೀತು ಎಂಬ ಭಯದಿಂದ ಏರುವುದು ಮತ್ತೊಂದು. ಎರಡನೆಯದರಲ್ಲಿ ನಮ್ಮ ಲಾರಿಗಳಿಗೆ ಕೆಲಸವೂ ಜಾಸ್ತಿ ಇರುತ್ತದೆ. ಮೊದಲನೆಯದರಲ್ಲಿ ಡೀಸೆಲ್ಲೂ ದುಬಾರಿ, ಲಾರಿಗಳೂ ಖಾಲಿ. ಕ್ಯಾಲ್ಕ್ಯುಲೇಟರಿಗೆ ಎರಡೂ ಒಂದೇ.

ನಮ್ಮತ್ತೆಯ ವಿಷಯಕ್ಕೆ ಮತ್ತೆ ಬರಬೇಕು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹಾಕಿದ ಮೇಲೆ ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. 1979ರಲ್ಲಿ ಇರಾನಿನ ಕ್ರಾಂತಿಯಾಗಿ ಮತ್ತೆ ಎರಡರಷ್ಟಕ್ಕಿಂತ ಜಾಸ್ತಿಯಾಯಿತು. ಅತ್ತೆ ಆಗ ಹೊಸದಾಗಿ ಸಂಸಾರ ಹೂಡಿದ್ದವರು. ಇವತ್ತಿಗೂ ತೈಲದ ಸುದ್ದಿ ಬಂದರೆ ಅವರು ಮೊದಲು ನೋಡುವುದು ಮನೆಯಲ್ಲಿ ಏನು ಎಷ್ಟು ಉಳಿದಿದೆ ಎಂದು. ನನ್ನ ತಮ್ಮ ದುಡಿಯಲು ಶುರು ಮಾಡಿದ್ದು 2014ರ ಆಮೇಲೆ, ತೈಲ ಅಗ್ಗವಾಗಿದ್ದ ವರ್ಷಗಳಲ್ಲಿ. ಅವನಿಗೆ 2022ರವರೆಗೆ ಇದೆಲ್ಲ ಹಿರಿಯರ ಕಥೆ. ಮಲ್‌ಮೆಂಡಿಯರ್ ಮತ್ತು ಸ್ಟೆಫಾನ್ ನಾಗೆಲ್ 2016ರಲ್ಲಿ ಬರೆದದ್ದು ಇದನ್ನೇ. ಪುಸ್ತಕದ ಸರಾಸರಿಗಿಂತ ತಮ್ಮ ಜೀವನದಲ್ಲಿ ಕಂಡ ಹಣದುಬ್ಬರವನ್ನೇ ಜನ ಜಾಸ್ತಿ ನಂಬುತ್ತಾರೆ.

ಇದು ಬರೀ ಭಾವನೆಯ ವಿಷಯವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಒಲಿವಿಯೆ ಕೊಯ್ಬಿಯಾನ್ ಮತ್ತು ಯೂರಿ ಗೊರೊಡ್ನಿಚೆಂಕೊ ಎನ್ನುವ ಅರ್ಥಶಾಸ್ತ್ರಜ್ಞರು 2015ರಲ್ಲಿ ಒಂದು ಒಗಟು ಬಿಡಿಸಿದರು. 2008ರ ಕುಸಿತದ ನಂತರ ಅಮೆರಿಕದಲ್ಲಿ ಅಷ್ಟು ನಿರುದ್ಯೋಗ ಇದ್ದರೂ ಹಣದುಬ್ಬರ ಅಂದುಕೊಂಡಷ್ಟು ಇಳಿಯಲಿಲ್ಲ. ಅವರ ವಿವರಣೆ ಹೀಗೆ: 2009ರಿಂದ 2011ರವರೆಗೆ ತೈಲ ಏರಿತು, ಅದನ್ನು ನೋಡಿದ ಮನೆಮಂದಿ ಮುಂದೆ ಎಲ್ಲವೂ ಏರುತ್ತದೆ ಎಂದು ನಿರೀಕ್ಷಿಸಿದರು. ಆ ನಿರೀಕ್ಷೆಯೇ ಹಣದುಬ್ಬರ ಇನ್ನೂ ಕೆಳಗೆ ಇಳಿಯದಂತೆ ಹಿಡಿದು ನಿಲ್ಲಿಸಿತು. ಅಂದರೆ ಬಂಕಿನ ಬೋರ್ಡು ನೋಡಿ ಅತ್ತೆ ಮಾಡಿದ ಅಂದಾಜು ಸುಮ್ನೆ ಗಾಳಿಯಲ್ಲಿ ಹೋಗುವುದಿಲ್ಲ. ಅಂಥ ಕೋಟಿ ಅಂದಾಜುಗಳು ಸೇರಿ ಸಂಬಳದ ಮಾತುಕತೆಗೂ ಬಾಡಿಗೆಯ ಮಾತುಕತೆಗೂ ಬಂದು ಕೂರುತ್ತವೆ.

ಸಣ್ಣಪುಟ್ಟ ವಿಷಯಗಳು. ಸ್ವಂತ ಮನೆ ಇರುವವರು ಎಚ್ಚರ. ಸಾಲದ ಕಂತನ್ನು ಮನೆ ಖರ್ಚಿನ ಸಾಲಿಗೆ ಹಾಕಬೇಕೆ ಬೇಡವೆ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 1983ರಿಂದ, ನಿಮ್ಮ ಮನೆಯನ್ನು ನೀವೇ ಬಾಡಿಗೆಗೆ ಹಿಡಿದಿದ್ದರೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಯೂರೋ ವಲಯದ ದೇಶಗಳೆಲ್ಲ ಒಂದೇ ರೀತಿ ಲೆಕ್ಕ ಹಾಕುವ ಬೆಲೆ ಸೂಚ್ಯಂಕದಲ್ಲಿ ಸ್ವಂತ ಮನೆಯ ವೆಚ್ಚ ಸೇರಿಯೇ ಇಲ್ಲ. ವಿವರಣೆ ಓದದೆ ತುಂಬಿದರೆ ಅಂಕಿ ಅರ್ಥವಿಲ್ಲದ್ದಾಗುತ್ತದೆ. ವರ್ಷಕ್ಕೊಮ್ಮೆ ಕಟ್ಟುವ ವಿಮೆ, ಶಾಲೆ ಫೀಸು, ಗಾಡಿ ರಿಪೇರಿಗಳನ್ನು ಹನ್ನೆರಡರಿಂದ ಭಾಗಿಸಿ ಹಾಕಿ. ಖಾಸಗಿ ಆ್ಯಪ್‌ಗಳಲ್ಲಿ ಬ್ಯಾಂಕ್ ಖಾತೆ ಜೋಡಿಸಿ ಎಂದು ಕೇಳಿದರೆ ನಾನು ಅಲ್ಲಿಂದ ಎದ್ದು ಬರುತ್ತೇನೆ. ಒಂದು ಶೇಕಡಾವಾರು ತಿಳಿಯಲು ನನ್ನ ಖಾತೆ ಯಾಕೆ ಬೇಕು?

ದೊಡ್ಡ ಮಿತಿ ಇನ್ನೊಂದಿದೆ. ತೂಕ ನಿಮ್ಮದಾದರೂ ಬೆಲೆ ನಿಮ್ಮದಲ್ಲ. ನೀವು ಹೋಗುವ ಅಂಗಡಿ, ಕೊಳ್ಳುವ ಬ್ರ್ಯಾಂಡು, ಪ್ಯಾಕೆಟ್ಟಿನ ಅಳತೆ ಇದಕ್ಕೆ ಗೊತ್ತಿಲ್ಲ. ಗ್ರೆಗ್ ಕ್ಯಾಪ್ಲನ್ ಮತ್ತು ಸ್ಯಾಮ್ ಶುಲ್‌ಹೋಫರ್-ವೋಲ್ ಎನ್ನುವ ಅರ್ಥಶಾಸ್ತ್ರಜ್ಞರು ಅಮೆರಿಕದ ಮನೆಗಳ ಖರೀದಿ ದಾಖಲೆ ತೆಗೆದು 2017ರಲ್ಲಿ ತೋರಿಸಿದ್ದು ಇದು: ಮನೆಯಿಂದ ಮನೆಗೆ ಹಣದುಬ್ಬರ ಬೇರೆಯಾಗಲು ಮುಖ್ಯ ಕಾರಣ ಪಟ್ಟಿ ಬೇರೆ ಇರುವುದಲ್ಲ, ಒಂದೇ ಬಗೆಯ ವಸ್ತುವಿಗೆ ಬೇರೆ ಬೇರೆ ಬೆಲೆ ಕೊಡುವುದು. ಅಂದರೆ 'ವೈಯಕ್ತಿಕ' ಎಂಬ ಹೆಸರು ಹೊತ್ತ ಈ ಸೌಲಭ್ಯ ನಿಮ್ಮನ್ನು ಹಿಡಿಯುವುದು ಅರ್ಧಕ್ಕಿಂತ ಕಮ್ಮಿ. ಇದನ್ನು ಪುಟದ ಮೇಲ್ಭಾಗದಲ್ಲೇ ಬರೆಯಬೇಕಿತ್ತು.

ನಿಮ್ಮ ದೇಶದ್ದು ಸಿಗದಿದ್ದರೆ ಹಾಳೆಯ ಮೇಲೂ ಮಾಡಬಹುದು. ಒಟ್ಟು ಖರ್ಚನ್ನು 100 ಮಾಡಿ ಪಾಲು ಹಾಕಿ. ಸರ್ಕಾರ ಪ್ರಕಟಿಸುವ ಗುಂಪುವಾರು ಏರಿಕೆಯಿಂದ ಗುಣಿಸಿ, ಕೂಡಿ, 100ರಿಂದ ಭಾಗಿಸಿ. ಪಕ್ಕದ ಕಾಲಂನಲ್ಲಿ ತಿಂಗಳಿಗೆ ಎಷ್ಟು ಸಲ ಆ ಬೆಲೆ ಕಣ್ಣಿಗೆ ಬೀಳುತ್ತದೆ ಎಂದು ಬರೆಯಿರಿ, ಅದನ್ನೇ ತೂಕ ಮಾಡಿ ಇನ್ನೊಮ್ಮೆ ಗುಣಿಸಿ ಕೂಡಿ, ಈ ಸಲ ಒಟ್ಟು ಎಷ್ಟು ಸಲವೋ ಅದರಿಂದ ಭಾಗಿಸಿ. ನಮ್ಮ ಮನೆಯಲ್ಲಿ ಈ ಎರಡನೆಯ ಮೊತ್ತ ನನ್ನ ಚೀಟಿಗೆ ಹತ್ತಿರ ಬಂತು, ಅತ್ತೆಯದಕ್ಕೆ ಮಾತ್ರ ಇನ್ನೂ ಕಮ್ಮಿಯೇ. 1979 ಯಾವ ಕಾಲಂನಲ್ಲೂ ಹಿಡಿಸುವುದಿಲ್ಲ.

ಒಂದು ಕಡೆ ಮಾತ್ರ ಇದನ್ನು ಒಯ್ಯಬೇಡಿ: ಸಂಬಳ ಜಾಸ್ತಿ ಕೇಳುವ ಮಾತುಕತೆಗೆ. ನಮ್ಮ ಡ್ರೈವರ್ ಒಬ್ಬರು ಪ್ರಿಂಟ್ ತೆಗೆದು ತಂದಿದ್ದರು. ಮಾಲೀಕರು ಕೂತು ತಮ್ಮ ಮನೆಯದನ್ನೂ ತುಂಬಿದರು. ಅವರದು ಡ್ರೈವರ್‌ಗಿಂತ ಕಮ್ಮಿ ಬಂತು. ಇಬ್ಬರೂ ತಮ್ಮ ತಮ್ಮ ಅಂಕಿ ಹಿಡಿದು ಕೂತರು, ಮಾತು ಮುಂದೆ ಹೋಗಲಿಲ್ಲ. ಆಮೇಲೆ ಇಬ್ಬರೂ ಒಪ್ಪಿದ್ದು ಸರ್ಕಾರದ ಸರಾಸರಿಯನ್ನೇ.